ಕೆಂಚಯ್ಯನ ಮಗ ಮೂಕಯ್ಯ

ಮೂಕಯ್ಯನ ಅಪ್ಪ ಯಾರು ಅಂತ ಸಿಂಗನಪಟ್ಟಿಯಲ್ಲಿ ಯಾರನ್ನು ಕೇಳಿದರೂ ಚಿನ್ನಯ್ಯ ಅನ್ನುತ್ತಿದ್ದರು. ತಾಲೂಕು ಕಚೇರಿಯ ಪುಸ್ತಕ ತೆಗೆದು ನೋಡಿದರೆ ಕೆಂಚಯ್ಯ ಅಂತ ಇತ್ತು. ಚಿನ್ನಯ್ಯನಿಗೆ ಎರಡು ಕಾಲು. ಕೆಂಚಯ್ಯನಿಗೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಇದರಲ್ಲಿ ತಾಯಿ ವೀರಮ್ಮಾಳ್ ಮಾಡಿದ್ದು ಏನೂ ಇಲ್ಲ. ತಪ್ಪು ಕಚೇರಿಯದು, ಒಂದಿಷ್ಟು ಊರಿನದು, ಒಂದಿಷ್ಟು ಮೂಕಯ್ಯನದೇ.

ಸಿಂಗನಪಟ್ಟಿ ತಮಿಳು ಸೀಮೆಯ ಕಂಬಂ ಕಣಿವೆಯ ಅಂಚಿನ ಊರು. ಬೆನ್ನಿಗೆ ಮಲೆ, ಎದುರಿಗೆ ಬಯಲು. ನೂರಿಪ್ಪತ್ತು ಮನೆ, ಎಲ್ಲವೂ ಕನ್ನಡ ಮಾತಿನ ಒಕ್ಕಲು. ಎಷ್ಟು ತಲೆಮಾರಿನ ಹಿಂದೆ, ಯಾವ ಊರಿಂದ ಬಂದರು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬರುವಾಗ ದನ ಹೊಡೆದುಕೊಂಡು ಬಂದರು ಅನ್ನುವುದು ಮಾತ್ರ ಗೊತ್ತಿತ್ತು. ಆ ದನಗಳ ಸಂತಾನವೇ ಊರಿನ ದೇವರ ಮಂದೆ. ನೂರೈವತ್ತಕ್ಕೆ ಹತ್ತಿರ ತಲೆ. ಅವನ್ನು ಹೂಡುವಂತಿಲ್ಲ, ಮಾರುವಂತಿಲ್ಲ, ಹಾಲು ಕರೆದು ಮನೆಗೆ ಒಯ್ಯುವಂತಿಲ್ಲ. ಮಂದೆಗೆ ಒಬ್ಬ ಪಟ್ಟದ ಹೋರಿ. ಅವನು ಸತ್ತರೆ ಮನುಷ್ಯ ಸತ್ತ ಹಾಗೆಯೇ ತಮಟೆ, ಹೂವು, ಮಣ್ಣು. ಮಂದೆ ಕಾಯುವ ಮನೆಯ ಹಿರಿಯ ಮಗ ತಲೆ ಬೋಳಿಸಿಕೊಳ್ಳಬೇಕು. ಆಮೇಲೆ ಒಳ್ಳೆಯ ದಿನ ನೋಡಿ, ಊರವರೆಲ್ಲ ದೊಡ್ಡ ವೃತ್ತವಾಗಿ ನಿಂತು, ನಡುವೆ ಅರಿಶಿನ ಹಚ್ಚಿದ ಕಬ್ಬಿನ ಕಟ್ಟು ಇಡುತ್ತಾರೆ. ಮಂದೆಯನ್ನು ಒಳಗೆ ಬಿಡುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬು ಕಚ್ಚುತ್ತದೋ ಅದಕ್ಕೇ ಪಟ್ಟ. ಯಾರೂ ಕೈ ಬೀಸಬಾರದು, ಸದ್ದು ಮಾಡಬಾರದು. ಆ ದನದಲ್ಲಿ ಒಂದನ್ನಾದರೂ "ನನ್ನದು" ಅಂದವನು ವೃತ್ತದೊಳಗೆ ನಿಲ್ಲಬಾರದು.

ಕಬ್ಬು ಕಡಿದು ಇಡುವ ಹಕ್ಕು ಚಿನ್ನಯ್ಯನ ಮನೆಯದು. ಅಪ್ಪನಿಂದ ಹಿರಿಯ ಮಗನಿಗೆ ಬರುವ ಹಕ್ಕು. ಆ ಹಿರಿಯ ಮಗ ಮೂಕಯ್ಯ. ಅವನಿಗೆ ಅದು ಬೇಕಾಗಿರಲಿಲ್ಲ.

ಅವನನ್ನು ಸೋದರಮಾವ ಪೆರಿಯಕುಳಕ್ಕೆ ಕರೆದುಕೊಂಡು ಹೋಗಿ ನಾಲ್ಕು ವರ್ಷ ಶಾಲೆಗೆ ಹಾಕಿದ್ದ. ತಮಿಳು ಓದಲು, ಬರೆಯಲು ಕಲಿತು ಬಂದ. ಊರಲ್ಲಿ ಅವನ ಓರಗೆಯವರು ಆರೇಳು ಜನ, ಎಲ್ಲ ಇಪ್ಪತ್ತರ ಆಸುಪಾಸು. ಸಂಜೆ ಹುಣಸೆಮರದ ಕಟ್ಟೆಯ ಮೇಲೆ ಕೂತು ತಮಿಳಿನಲ್ಲೇ ಹರಟುತ್ತಿದ್ದರು. ಮನೆಯ ಕನ್ನಡ ಅವರಿಗೆ ಕಿವಿಗೆ ಗೊತ್ತು, ನಾಲಿಗೆ ಹೊರಳದು. ಮುದುಕರು ದನ ಕರೆಯುವುದು ಆ ಮಾತಿನಲ್ಲೇ ಆದ್ದರಿಂದ ಅದಕ್ಕೆ ಅವರಿಟ್ಟ ಹೆಸರು ದನದ ಭಾಷೆ.

"ಬೋಡಿಗೆ ಹೋಗಿ ಏಲಕ್ಕಿ ಮಂಡಿಯಲ್ಲಿ ಬರೆಯುವ ಕೆಲಸ ಹಿಡಿಯೋಣ ಬಾ," ಎನ್ನುತ್ತಿದ್ದ ಗೆಳೆಯ ದುರೈ. "ನಿಮ್ಮಪ್ಪನ ಹಾಗೆ ದನದ ಕುಂಡೆ ನೋಡಿಕೊಂಡು ಎಷ್ಟು ದಿನ ಇರ್ತೀಯ?"

ಅದಕ್ಕೆ ಸರಿಯಾಗಿ ಸಾವಿರದ ಎಂಟುನೂರ ತೊಂಬತ್ತನಾಲ್ಕರಲ್ಲಿ ಕಚೇರಿಯವರೇ ಊರಿಗೆ ಬಂದರು. ಹೊಸದಾಗಿ ಯೂನಿಯನ್ ಅಂತ ಮಾಡಿದ್ದಾರೆ, ಸುತ್ತಲಿನ ಎಂಟು ಊರಿಗೆ ಒಂದು ಸಭೆ, ಅದಕ್ಕೊಬ್ಬ ಅಧ್ಯಕ್ಷ. ಅಧ್ಯಕ್ಷರು ದಿಂಡಿಗಲ್ಲಿನಲ್ಲಿ ತೊಗಲಿನ ವ್ಯಾಪಾರಿ. ಈ ಕಡೆ ಎಂದೂ ತಲೆ ಹಾಕಿದವರಲ್ಲ. ಕಣಿವೆ ಅವರಿಗೆ ಗೊತ್ತಿದ್ದದ್ದು ಗಾಡಿಯಲ್ಲಿ ಬರುವ ಹಸಿ ತೊಗಲಿನ ವಾಸನೆಯಿಂದ. ಊರವರನ್ನು ಯಾರೂ ಕೇಳಿರಲಿಲ್ಲ. ಬಂದ ಗುಮಾಸ್ತೆ ಕೊಡೆ ಹಿಡಿದು ದೇವಸ್ಥಾನದ ಜಗಲಿಯ ಮೇಲೆ ಕೂತ. ಇನ್ನು ಮುಂದೆ ಮಲೆ ಹತ್ತಿ ಮೇಯುವ ಪ್ರತಿ ಮಂದೆಗೂ ಚೀಟಿ ಬೇಕು, ಚೀಟಿಗೆ ಯಜಮಾನನ ಹೆಸರು ಬೇಕು ಎಂದ.

"ಈ ಮಂದೆ ಯಾರದು?"

"ದೇವರದು," ಎಂದ ಚಿನ್ನಯ್ಯ.

ಮೂಕಯ್ಯ ತಮಿಳಿನಲ್ಲಿ ಹೇಳಿದ. ಗುಮಾಸ್ತೆ ಲೇಖನಿ ಕೆಳಗಿಟ್ಟ. "ದೇವರ ಹೆಸರು ಬರೆಯಲು ಕಾಲಂ ಇಲ್ಲ. ದೇವರ ಪರವಾಗಿ ನಡೆಸೋರು ಯಾರು? ಮಂದೆ ಯಾರ ಹಿಂದೆ ಹೋಗ್ತದೆ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದರಲ್ಲಿ ಯೋಚಿಸುವುದು ಏನಿದೆ ಎಂಬಂತೆ ಚಿನ್ನಯ್ಯ ಹೇಳಿದ: "ಕೆಂಚಯ್ಯ. ಎಲ್ಲಾ ಅವರದೇ ಯಜಮಾನಿಕೆ. ಅವರು ಎದ್ದರೆ ಎಲ್ಲಾ ಏಳ್ತವೆ."

ಕೆಂಚಯ್ಯ ಅಂದರೆ ಆಗಿನ ಪಟ್ಟದ ಹೋರಿ. ಕೆಂಪು ಮೈ, ಮುದಿಯಾಗುತ್ತಾ ಬಂದಿತ್ತು, ಎಡಗೊಂಬು ಸ್ವಲ್ಪ ವಾರೆ. ಅದನ್ನು ಯಾರೂ ಏಕವಚನದಲ್ಲಿ ಮಾತಾಡಿಸುತ್ತಿರಲಿಲ್ಲ. ಗುಮಾಸ್ತೆ "ಕೆಂಚಯ್ಯ" ಎಂದು ಬರೆದುಕೊಂಡ. ಜಾತಿ ಕೇಳಿದ, ನಮ್ಮವರೇ ಅಂದರು. ವಯಸ್ಸು ಕೇಳಿದ, ಹಿರಿಯರು ಅಂದರು. ಅರವತ್ತು ಅಂತ ಬರೆದ. ಅಪ್ಪ ಸುಳ್ಳು ಹೇಳುತ್ತಿಲ್ಲ ಎಂದು ಮೂಕಯ್ಯನಿಗೆ ಗೊತ್ತಿತ್ತು. ಗುಮಾಸ್ತೆ ಮನುಷ್ಯ ಅಂದುಕೊಂಡ ಎಂದೂ ಗೊತ್ತಿತ್ತು. ಎರಡೂ ಕಡೆ ತಿಳಿದವನು ಅಲ್ಲಿ ಅವನೊಬ್ಬನೇ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಸಂಜೆ ಕಟ್ಟೆಯ ಮೇಲೆ ಹೇಳಿದಾಗ ದುರೈ ನಕ್ಕು ನಕ್ಕು ಕೆಳಗೆ ಬಿದ್ದ.

ಮರುವರ್ಷ ಇನ್ನೂ ದೊಡ್ಡ ತಮಾಷೆ. ನೂರೈವತ್ತು ದನದ ಯಜಮಾನ, ಅರವತ್ತರ ಹಿರಿಯ, ಎಂಟು ಊರಲ್ಲಿ ಅಂಥ ಆಸ್ತಿವಂತ ಬೇರೊಬ್ಬನಿಲ್ಲ. ಕಚೇರಿಯವರು ಪುಸ್ತಕ ನೋಡಿ ಕೆಂಚಯ್ಯನನ್ನು ಯೂನಿಯನ್ ಸಭೆಗೆ ಸದಸ್ಯನಾಗಿ ನೇಮಿಸಿದರು. ತಹಸೀಲ್ದಾರರ ರುಜು, ಕೆಂಪು ಮೊಹರು. ಕಾಗದ ತಂದವನು ಪಿಚ್ಚೈ ಎಂಬ ಜವಾನ, ನಡೆದು ನಡೆದು ಕಾಲು ಸವೆದ ಮನುಷ್ಯ.

"ಕೆಂಚಯ್ಯ ಎಲ್ಲಿ?"

"ಮಲೆ ಮೇಲಿದ್ದಾರೆ," ಎಂದ ದುರೈ, ಮುಖ ಬಿಗಿ ಹಿಡಿದು.

"ಈ ವಯಸ್ಸಿನಲ್ಲಿ ಮಲೆ ಹತ್ತುತ್ತಾರಾ?"

"ದಿನಾ ಹತ್ತುತ್ತಾರೆ. ನಾಲ್ಕು ಹೆಂಡತಿಯರು ಸಾಲದು ಅಂತ ಮೊನ್ನೆ ಇನ್ನೊಬ್ಬಳ ಹಿಂದೆ ಹೋದರು."

ಪಿಚ್ಚೈ ಕೈಮುಗಿದು ಕಾಗದ ಕೊಟ್ಟು ಹೋದ. ಹುಡುಗರು ಅದನ್ನು ಕೆಂಚಯ್ಯನ ಕೊಂಬಿಗೆ ಕಟ್ಟಿದರು. ಅದು ಕೆಳಗೆ ಬಿದ್ದಾಗ ಕೆಂಚಯ್ಯನೇ ತಿಂದ. ಸರ್ಕಾರ ಅಂದರೆ ಹೀಗೆ, ನಮ್ಮೂರಿನ ಹೋರಿಯನ್ನೂ ಮನುಷ್ಯನನ್ನೂ ಬೇರೆ ಮಾಡಿ ನೋಡುವಷ್ಟು ಹತ್ತಿರಕ್ಕೆ ಅದು ಎಂದೂ ಬಂದಿಲ್ಲ ಅಂತ ಆ ಹುಡುಗರಿಗೆ ತಿಳಿಯಲಿಲ್ಲ ಅಂತಲ್ಲ. ತಿಳಿದೇ ನಕ್ಕರು. ನಗುವವನಿಗೆ ಏನೂ ಕಳೆದುಹೋಗುವುದಿಲ್ಲ ಅಂದುಕೊಂಡರು, ಅಷ್ಟೇ.

ತೊಂಬತ್ತಾರರ ಮಾಸಿ ತಿಂಗಳಲ್ಲಿ ಕೆಂಚಯ್ಯ ಸತ್ತ. ಹಳ್ಳದ ದಡದಲ್ಲಿ ಮಲಗಿದವನು ಏಳಲಿಲ್ಲ. ಊರು ಒಲೆ ಹಚ್ಚಲಿಲ್ಲ. ಚಿನ್ನಯ್ಯ ಮಗನನ್ನು ಕರೆದ.

"ಲೇ, ಕ್ಷೌರದವನ್ನ ಕೂರ್ಸಿದೀನಿ. ಬಾ."

"ನಾನಾ? ಹೋರಿಗಾ?"

"ಅಲ್ಲ, ನಿನ್ ಮಾವಂಗೆ. ಕೂತ್ಕಳ್ಲೇ ಬಾಯ್ಮುಚ್ಚಿ."

ಕೂತ. ಪೆರಿಯಕುಳದಲ್ಲಿ ಓದಿದವನ ಎಣ್ಣೆ ಹಾಕಿ ಬಾಚಿದ ತಲೆ ಬೋಳಾಯಿತು. ತಮಟೆಯ ಮುಂದೆ ಮಡಕೆ ಹಿಡಿದು ನಡೆದ. ಮಣ್ಣು ಹಾಕುವಾಗ ಸುತ್ತ ನಿಂತ ದನಗಳು ಒಮ್ಮೆಗೇ ಗುಟುರು ಹಾಕಿದವು. ಅವನಿಗೆ ನಗು ಬರಲಿಲ್ಲ.

ಅದೇ ಹೊತ್ತಿಗೆ ಪಿಚ್ಚೈ ಬಂದ. ಕೆಂಚಯ್ಯ ಮೂರು ಸಭೆಗೆ ಬಂದಿಲ್ಲ, ಕಾರಣ ಹೇಳಬೇಕು ಅಂತ ಕಾಗದ ತಂದಿದ್ದ. ತಮಟೆ ಕೇಳಿ, ಹೊಸ ಮಣ್ಣಿನ ಗುಡ್ಡೆ ನೋಡಿ, ತಲೆವಸ್ತ್ರ ತೆಗೆದ. "ಯಾರು ಹೋದದ್ದು?"

"ಕೆಂಚಯ್ಯ," ಎಂದಳು ಬಾಗಿಲಲ್ಲಿ ಕೂತಿದ್ದ ವೀರಮ್ಮಾಳ್, ಕಣ್ಣೊರೆಸಿಕೊಳ್ಳುತ್ತಾ.

ಪಿಚ್ಚೈ ಮೂಕಯ್ಯನ ಬೋಳು ತಲೆ ನೋಡಿದ. "ಒಳ್ಳೆಯವರು ಅಂತ ಕೇಳಿದ್ದೆ, ತಂಬಿ. ಧೈರ್ಯ ತಗೋ," ಎಂದು ಹೆಗಲು ತಟ್ಟಿ ವಾಪಸು ನಡೆದ.

ತಿಂಗಳೊಳಗೆ ನೋಟೀಸು ಬಂತು. ಸದಸ್ಯ ಕೆಂಚಯ್ಯ ಮೃತ. ವಾರಸುದಾರರು ಇದ್ದರೆ ಹದಿನೈದು ದಿನದಲ್ಲಿ ಹಾಜರಾಗುವುದು. ಇಲ್ಲವಾದರೆ ಮಂದೆಯನ್ನು ಸರ್ಕಾರಕ್ಕೆ ಸೇರಿಸಿ ಹರಾಜು ಹಾಕಲಾಗುವುದು. ಮೂಕಯ್ಯ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದ. ಹರಾಜು ಆದರೆ ಕೊಳ್ಳುವವರು ಯಾರು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಂದೆ ದಿಂಡಿಗಲ್ಲಿಗೆ ಹೋಗುತ್ತದೆ, ತೊಗಲಾಗುತ್ತದೆ.

"ಹೋಗಿ ನಿಜ ಹೇಳ್ಬುಟ್ಟು ಬಾ," ಎಂದ ಚಿನ್ನಯ್ಯ. "ಹೋರಿ ಅಂತ ಹೇಳು. ಅವ್ರೂ ಮನುಸ್ರು ತಾನೆ."

ಮೂಕಯ್ಯನೂ ದುರೈಯೂ ಎರಡು ದಿನ ನಡೆದು ತಾಲೂಕು ಕಚೇರಿಗೆ ಹೋದರು. ಅದೇ ಗುಮಾಸ್ತೆ. ಮೂಕಯ್ಯ ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದ. ಗುಮಾಸ್ತೆಯ ಮುಖ ಬಿಳಿಚಿತು. ಎದ್ದು ಹೋಗಿ ಬಾಗಿಲು ಅರ್ಧ ಮುಚ್ಚಿ ಬಂದ.

"ಹೋರಿ ಅಂತೀಯ."

"ಹೌದು, ಅಯ್ಯಾ."

"ಹೋರಿಯನ್ನು ತಹಸೀಲ್ದಾರರು ಸದಸ್ಯನಾಗಿ ನೇಮಿಸಿದರು ಅಂತೀಯ. ಅದನ್ನ ಅವರ ಮುಂದೆ ಹೋಗಿ ನೀನು ಹೇಳ್ತೀಯೋ, ನಾನು ಹೇಳಬೇಕೋ?" ಕುರ್ಚಿಯ ಮೇಲೆ ಕೂತ. "ಹೇಳಿದೆವು ಅಂತಿಟ್ಟುಕೋ. ಸುಳ್ಳು ಬರೆಸಿದ್ದಕ್ಕೆ ನಿಮ್ಮಪ್ಪ ಜೈಲಿಗೆ. ಆಮೇಲೆ ಮಂದೆಗೆ ಮೊದಲಿಂದಲೂ ಯಜಮಾನನೇ ಇರಲಿಲ್ಲ ಅಂತ ಆಗ್ತದೆ. ಆಗಲೂ ಹರಾಜೇ. ಹೇಗೆ ತಿರುಗಿಸಿದರೂ ದಿಂಡಿಗಲ್ಲೇ."

ಗುಮಾಸ್ತೆ ಕೆಟ್ಟವನೇನಲ್ಲ. ತನ್ನ ಕೆಲಸ ಉಳಿಸಿಕೊಳ್ಳಬೇಕಿದ್ದ ಮನುಷ್ಯ. ಮೂಕಯ್ಯನ ತಲೆಯ ಮೇಲೆ ಬೆರಳುದ್ದ ಬೆಳೆಯದ ಕೂದಲನ್ನು ನೋಡಿದ.

"ಜವಾನ ಬರೆದುಕೊಟ್ಟಿದ್ದಾನೆ, ಕೆಂಚಯ್ಯನಿಗೆ ತಲೆ ಬೋಳಿಸಿದ ಮಗ ಇದ್ದಾನೆ ಅಂತ. ಮಗ ತಾನೆ ವಾರಸುದಾರ? ಇಲ್ಲಿ ಬರಿ. ಕೆಂಚಯ್ಯನ ಮಗ, ಮಂದೆ ನನ್ನದು, ಅಂತ. ಚೀಟಿ ನಿನ್ನ ಹೆಸರಿಗೆ ಬರ್ತದೆ. ಎಲ್ಲರೂ ಮನೆಗೆ ಹೋಗೋಣ."

ದುರೈ ಮೂಕಯ್ಯನ ತೋಳು ಹಿಡಿದ. ಗುಮಾಸ್ತೆಗೆ ತಿಳಿಯಬಾರದೆಂದು ದನದ ಭಾಷೆಯಲ್ಲಿ ಮಾತಾಡಿದ. ತಡವರಿಸಿ, ಅಜ್ಜಿಯಂದಿರ ಮಾತು ಹುಡುಕಿ ಹುಡುಕಿ ಮಾತಾಡಿದ.

"ಬ್ಯಾಡಲೇ. ನನ್ದು ಅಂದ್ರೆ... ನಿನ್ನ ಕಬ್ಬಿನ ಹತ್ರ ಬಿಡಾಕಿಲ್ಲ. ನಿಮ್ಮಪ್ಪ ಬದುಕಿರುವಾಗ್ಲೇ ಅಪ್ಪ ಇಲ್ಲ ಅಂತ ಬರೀತೀಯಾ?"

"ಇನ್ನೇನ್ ಮಾಡ್ಲಿ, ಹೇಳು."

"ನಾನ್ ಬರೀತೀನಿ."

"ನಿನ್ ತಲೆ ತುಂಬಾ ಕೂದ್ಲು ಅವೆ."

ಗುಮಾಸ್ತೆ ಇಬ್ಬರನ್ನೂ ನೋಡಿದ. "ಅದೇನು ಮಾತು?"

"ನಮ್ಮ ಮಾತು," ಎಂದ ಮೂಕಯ್ಯ.

ಬೋಡಿಗೆ ಹೋಗಿ ಏಲಕ್ಕಿ ಮಂಡಿಯಲ್ಲಿ ಬರೆಯಬೇಕೆಂದಿದ್ದ ಕೈ. ಅದರಿಂದ ಅವನು ಬರೆದ ಮೊದಲ ಸರ್ಕಾರಿ ಕಾಗದ ಅದು. ತನಗೆ ಬೇಡವಾಗಿದ್ದ ಹಕ್ಕು ಬಿಟ್ಟುಕೊಡುವುದಕ್ಕೆ ಇಷ್ಟು ಹೊತ್ತು ಯಾಕೆ ಹಿಡಿಯಿತು ಅಂತ ಅವನಿಗೇ ಆಶ್ಚರ್ಯ. ಮಸಿ ಎರಡು ಸಲ ಒಣಗಿತು.

ಊರಿಗೆ ಬಂದು ಅಪ್ಪನ ಮುಂದೆ ನಿಂತು ಹೇಳಿದ. ಚಿನ್ನಯ್ಯ ಕೂಳು ಉಣ್ಣುತ್ತಿದ್ದ. ತಟ್ಟೆಯಿಂದ ಕೈ ತೆಗೆದ.

"ಬ್ಯಾರೆ ದಾರಿ ಇರ್ನಿಲ್ವಾ?"

"ಇತ್ತು. ಹರಾಜು."

"ಮೊದಲ್ನೇ ದಿನ ಬರ್ಕಂಡನಲ್ಲ, ಅವತ್ತು ನಿನಗೆ ಗೊತ್ತಾಗಿತ್ತಾ, ಅವ ಮನುಸ ಅಂತ ತಿಳ್ಕಂಡ ಅಂತ?"

ಮೂಕಯ್ಯ ಅದಕ್ಕೂ ಸುಳ್ಳು ಹೇಳಬಹುದಿತ್ತು. "ಗೊತ್ತಾಗಿತ್ತು."

ಚಿನ್ನಯ್ಯ ಕೈ ತೊಳೆದು ಎದ್ದುಹೋದ. ಅಂದಿನಿಂದ ಮಗನ ಜೊತೆ ಮಾತು ನಿಂತಿತು. ಒಂದೇ ಮನೆ, ಒಂದೇ ಒಲೆ. ಹೇಳಬೇಕಾದ್ದನ್ನು ವೀರಮ್ಮಾಳ್‌ಗೆ ಹೇಳುತ್ತಿದ್ದ, ಅವಳು ಎರಡು ಮೊಳ ಆಚೆ ಕೂತ ಮಗನಿಗೆ ಹೇಳುತ್ತಿದ್ದಳು. "ಬಿಳೀ ಕಡಸಿನ ಕಾಲಿಗೆ ಎಣ್ಣೆ ಹಚ್ಚಬೇಕಂತೆ ಕಣೋ. ನಿಮ್ಮಪ್ಪ ಹೇಳ್ತು. ಹೇಳಿದ್ದು ಕೇಳಿಸ್ತಲ್ಲ, ಮತ್ತೆ ನನ್ನ ಬಾಯಿ ಯಾಕೆ ನೋಯಿಸ್ತೀರಿ ಇಬ್ಬರೂ?"

ಕಬ್ಬಿಡುವ ದಿನ ಬಂತು. ಕೆರೆಯ ಕೆಳಗಿನ ಬಯಲಲ್ಲಿ ವೃತ್ತ ಕಟ್ಟಿತು. ಮೂಕಯ್ಯ ಕಬ್ಬಿನ ಹೊರೆ ಹೊತ್ತು ತಂದಿದ್ದ. ಚಿನ್ನಯ್ಯ ಹೊರೆ ಇಳಿಸಿಕೊಂಡ. ಕೈ ಎತ್ತಿ ಕೆರೆಯ ಏರಿಯ ಕಡೆ ತೋರಿಸಿದ. ಮೂಕಯ್ಯ ಹೋಗಿ ಏರಿಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ದುರೈ ವೃತ್ತ ಬಿಟ್ಟು ಬಂದು ಅವನ ಪಕ್ಕ ಕೂತ. ಆಮೇಲೆ ಇನ್ನಿಬ್ಬರು. ಕಡೆಗೆ ಹುಣಸೆಕಟ್ಟೆಯ ಏಳು ಜನವೂ ಏರಿಯ ಮೇಲಿದ್ದರು.

"ಏನ್ರೋ ಅದು!" ಎಂದು ಹಿರಿಯರೊಬ್ಬರು ಕೂಗಿದರು. "ಮಂದೆ ಹೊಡ್ಕಂಡು ಬರೋರು ಯಾರು?"

"ನಗಾಡಿದ್ದು ನಾವೆಲ್ಲರೂ, ಪೆರಿಯಪ್ಪಾ," ಎಂದ ದುರೈ. "ಕೆಂಚಯ್ಯಂಗೆ ಹೆಂಡ್ತೀರ ಲೆಕ್ಕ ಕೊಟ್ಟವನು ನಾನು. ಅವನೊಬ್ಬನೇ ಆಚೆ ಅಂದ್ರೆ ಹೆಂಗೆ?"

ಹಾಗಾಗಿ ಆ ವರ್ಷ ಮಂದೆಯನ್ನು ಹೊಡೆದುಕೊಂಡು ಬಂದವರು ಮುದುಕರು. ಮಂಡಿ ಹಿಡಿದುಕೊಂಡು, ಬೈದುಕೊಂಡು, ಒಬ್ಬರು ಸಗಣಿಯಲ್ಲಿ ಜಾರಿ ಬಿದ್ದು. ಏರಿಯ ಮೇಲಿಂದ ಹುಡುಗರಿಗೆ ಎಲ್ಲ ಸಣ್ಣದಾಗಿ ಕಾಣುತ್ತಿತ್ತು. ನಗುವ ವಿಷಯವೇ ಆಗಿತ್ತು, ಆದರೆ ಸದ್ದು ಮಾಡಬಾರದಲ್ಲ. ಇವೇ ಎಂದು ಊರು ಬೊಟ್ಟು ಮಾಡಿದ್ದ ಎರಡು ದಪ್ಪ ಹೋರಿಗಳು ಕಬ್ಬನ್ನು ಮೂಸಿ ಹೋದವು. ಬಡಕಲು ಬೂದು ಬಣ್ಣದ್ದೊಂದು, ಯಾರ ಲೆಕ್ಕದಲ್ಲೂ ಇಲ್ಲದ್ದು, ನೇರ ಬಂದು ಕಚ್ಚಿತು. ಚಿನ್ನಯ್ಯ ಕೈಮುಗಿದ. ಏರಿಯ ಮೇಲೆ ಏಳು ಜನವೂ ಕೈಮುಗಿದರು. ಅವರು ಕೈಮುಗಿದದ್ದನ್ನು ಚಿನ್ನಯ್ಯ ನೋಡಿದ. ನೋಡಿದ ಅಷ್ಟೇ.

ಮೂಕಯ್ಯ ಬೋಡಿಗೆ ಹೋಗಲಿಲ್ಲ. ಹೋದರೆ ಚೀಟಿಗೆ ರುಜು ಹಾಕುವವರು ಯಾರು? ಮಂದೆ ಕಾದ. ಕಾಯುತ್ತಾ ದನದ ಭಾಷೆ ಬಾಯಿಗೆ ಬಂತು. ಇಲ್ಲದಿದ್ದರೆ ಅವು ತಿರುಗಿಯೂ ನೋಡುತ್ತಿರಲಿಲ್ಲ. ಕಾಗದದ ಮೇಲೆ ಅವನು ನೂರೈವತ್ತು ದನದ ಯಜಮಾನ. ಮಾರಿಬಿಟ್ಟಾನು ಎಂದು ಮೊದಲ ವರ್ಷ ಊರಿನ ಕೆಲವರು ಅವನ ಹಿಂದೆ ಹಿಂದೆ ಸುತ್ತಿದರು. ದಿಂಡಿಗಲ್ಲಿನಿಂದ ಅಧ್ಯಕ್ಷರ ಕಡೆಯವನೊಬ್ಬ ಬಂದು, ಮುದಿ ದನಗಳನ್ನಾದರೂ ಕೊಡು, ನಿನ್ನದೇ ಅಲ್ಲವೇ, ಎಂದು ಕೇಳಿದ್ದೂ ಉಂಟು.

"ಅಪ್ಪನ್ನ ಒಂದು ಮಾತು ಕೇಳಿ ಹೇಳ್ತೀನಿ," ಎಂದ ಮೂಕಯ್ಯ.

"ನಿಮ್ಮಪ್ಪ ತೀರಿಕೊಂಡರಲ್ಲ?"

"ಅದಕ್ಕೇ ತಡ ಆಗ್ತಿದೆ."

ಆ ಮಾತು ಊರೆಲ್ಲ ಓಡಿತು. ಚಿನ್ನಯ್ಯನ ಕಿವಿಗೂ ಬಿತ್ತು. ಅವನು ಗೋಡೆಯ ಕಡೆ ತಿರುಗಿ ಕೆಮ್ಮಿದ. ನಕ್ಕದ್ದು ಅಂತ ವೀರಮ್ಮಾಳ್ ಸಾಧಿಸುತ್ತಿದ್ದಳು.

ತೊಂಬತ್ತೊಂಬತ್ತರ ಚಿತ್ತಿರೆ ತಿಂಗಳಲ್ಲಿ ಚಿನ್ನಯ್ಯ ಹಾಸಿಗೆ ಹಿಡಿದ. ನೀರೂ ಇಳಿಯದ ದಿನ, ವೀರಮ್ಮಾಳನ್ನು ನಡುವೆ ಇಟ್ಟುಕೊಳ್ಳದೆ ನೇರ ಮಗನನ್ನು ಕರೆದ. ಮೂರು ವರ್ಷದಲ್ಲಿ ಮೊದಲ ಮಾತು.

"ಲೇ. ಈ ಸಲದ ಚೀಟಿ ಬಂತಾ?"

"ಇಲ್ಲಪ್ಪಾ. ಇನ್ನೇನು ಪಿಚ್ಚೈ ಬತ್ತಾನೆ."

"ಕಬ್ಬಿನ ಕತ್ತಿ ದುರೈಗೆ ಕೊಟ್ಬುಡು. ಅವ ಆವತ್ತು ಎದ್ದೋಗಿ ಏರಿ ಮ್ಯಾಲೆ ಕೂತ ನೋಡು, ಅವನಿಗೆ ಮರ್ಯಾದೆ ಗೊತ್ತು. ನಿನಗೆ ಕತ್ತಿ ಬ್ಯಾಡ. ನೀನು ಚೀಟಿ ನೋಡ್ಕ." ಉಸಿರು ಹಿಡಿದು ಮತ್ತೆ ಹೇಳಿದ. "ಇನ್ನೊಂದು. ನನ್ನ ಸಾವಿಗೂ ನೀನೇ ತಲೆ ಬೋಳಿಸ್ಕಬೇಕು. ಆದ್ರೆ ಪಿಚ್ಚೈ ಕೇಳಿದ್ರೆ ಬಾಯ್ತಪ್ಪಿ ನನ್ನ ಮಗ ಅಂದೀಯ. ದನ ಹೋಗ್ತವೆ."

"ಅನ್ನಾಕಿಲ್ಲ."

"ಅಳ್ಬ್ಯಾಡ. ಮೂಗು ಒರೆಸ್ಕ."

ಎರಡು ದಿನಕ್ಕೆ ಸತ್ತ. ಮಲೆಯ ಬುಡದಲ್ಲಿ ಚಿನ್ನಯ್ಯನದು ಒಂದು ತುಂಡು ಮಾನಾವರಿ ಹೊಲ ಇತ್ತು, ಮಳೆ ಬಂದರೆ ಬೆಳೆ. ಕಾಗದದ ಪ್ರಕಾರ ಅವನಿಗೆ ಮಕ್ಕಳಿಲ್ಲ. ಹೊಲ ತಮ್ಮನ ಮನೆಗೆ ಹೋಯಿತು. ಮೂಕಯ್ಯ ತನ್ನದು ಎನ್ನಲಿಲ್ಲ. ಚಿಕ್ಕಪ್ಪನೂ ಬೇಡ ಅನ್ನಲಿಲ್ಲ.

ಪಿಚ್ಚೈ ಬಂದದ್ದು ಮಣ್ಣಾದ ನಾಲ್ಕನೇ ದಿನ, ಬೆಳಗ್ಗೆ. ಮಂದೆ ಊರ ಬಾಗಿಲಲ್ಲಿ ನಿಂತಿತ್ತು, ಮಲೆ ಹತ್ತಬೇಕು. ಅವನು ಜಗಲಿಯ ಮೇಲೆ ಕೂತು, ಕಾಲು ಒತ್ತಿಕೊಂಡು, ಚೀಟಿ ಬಿಚ್ಚಿದ. ಆಮೇಲೆ ತಲೆ ಎತ್ತಿ ನೋಡಿದ.

"ಏನಪ್ಪಾ, ಮತ್ತೆ ಬೋಳು? ಯಾರು ಹೋದದ್ದು?"

"ಚಿನ್ನಯ್ಯ ಅಂತ."

"ನಿನಗೆ ಏನಾಗಬೇಕು?"

ಬಾಗಿಲ ಹಿಂದೆ ವೀರಮ್ಮಾಳ್ ನಿಂತಿದ್ದಳು. ಒಳಗೆ ಬಳೆ ಇಲ್ಲದ ಕೈ, ಸದ್ದಿಲ್ಲ.

"ಊರಿನ ಹಿರಿಯರು. ಮಂದೆ ಕಾಯೋರು."

ಪಿಚ್ಚೈ ಇನ್ನಷ್ಟು ಹೊತ್ತು ಆ ತಲೆಯನ್ನೇ ನೋಡಿದ. ನಾಲ್ಕು ವರ್ಷದಿಂದ ಈ ಊರಿಗೆ ನಡೆಯುತ್ತಿದ್ದ ಮನುಷ್ಯ, ಅವನಿಗೆ ಎಷ್ಟು ತಿಳಿದಿತ್ತೋ ಯಾರಿಗೆ ಗೊತ್ತು. ತಲೆವಸ್ತ್ರ ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡ. ಮಸಿಕುಡಿಕೆ ಮುಂದೆ ಸರಿಸಿದ.

"ಹಾಕು ರುಜು."

ಕೆಂಚಯ್ಯನ ಮಗ ಮೂಕಯ್ಯ ಎಂದು ಬರೆದ. ಈ ಸಲ ಮಸಿ ಒಣಗಲಿಲ್ಲ.

"ಆಯ್ತಾ?" ಎಂದಳು ವೀರಮ್ಮಾಳ್ ಒಳಗಿಂದ.

"ಆಯ್ತು, ಅವ್ವಾ."

"ಆದ್ಮ್ಯಾಲೆ ಇನ್ಯಾಕೆ ಕೂತಿದೀಯ? ಬಿಸ್ಲು ಏರ್ತದೆ, ದನ ಬಿಡು."